ಹುಲ್ಲಿಲ್ಲದ ಅಡವಿ

ನಮ್ಮ ಫ್ಲೆಕ್ಸ್ ಅಂಗಡಿಯ ಪಕ್ಕದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರಿದ್ದಾರೆ. ಕಳೆದ ವಾರ ಅವರು ಯಾವುದೋ ಹಳೆಯ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಕುಳಿತು, ಸ್ಟೋವಿನ ಮೇಲೆ ಸರೇಸು ಕುದಿಯಲು ಇಟ್ಟಿದ್ದರು. ಸರೇಸು ಅಂದರೆ ದನದ ಚರ್ಮ, ಎಲುಬು ಬೇಯಿಸಿ ಮಾಡಿದ ಅಂಟು. ಈಗ ಬಡಿಗರೂ ಅದನ್ನು ಬಳಸುವುದಿಲ್ಲ, ಡಬ್ಬಿಯ ಬಿಳಿ ಅಂಟು ಬಂದಿದೆ. ಆ ವಾಸನೆಗೆ ನಮ್ಮ ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಗೇ ನಿಂತರು. ನಾನು ಮೌಸ್ ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನಾಟಕದ ಪರದೆ ಬರೆಯುತ್ತಿದ್ದ ಲಕ್ಷ್ಮೇಶ್ವರದ ಕಾಕಾ ಬಂದು ಪಕ್ಕದಲ್ಲಿ ಕುಳಿತರೆ ಬರುತ್ತಿದ್ದ ವಾಸನೆ ಅದು. ಅವರ ಅಂಗಿಗೆ, ಉಗುರಿಗೆ, ಕೊನೆಗೆ ಅವರು ನನಗೆಂದು ತರುತ್ತಿದ್ದ ಚುರುಮುರಿಯ ಪೊಟ್ಟಣಕ್ಕೂ ಅದೇ ವಾಸನೆ...

ಆ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ತೆರೆದಿದ್ದದ್ದೂ ಕಾಕಾನಿಗೆ ಸಂಬಂಧಪಟ್ಟ ಸಂಗತಿಯೇ. ಅಂತರ್ಜಾಲದ ವಿಶ್ವಕೋಶದಲ್ಲಿ ಡೈನೋಸಾರ್ ಒಂದರ ಬಗ್ಗೆ ನಾವು ಕೆಲವರು ಸೇರಿ ಕನ್ನಡದಲ್ಲಿ ಬರೆದ ಲೇಖನವಿದೆ. ಅದರ ನೆತ್ತಿಯ ಮೇಲೆ ಕಾಕಾ ಬರೆದುಕೊಟ್ಟ ಚಿತ್ರವಿತ್ತು. ಆ ಚಿತ್ರದಲ್ಲಿ ತಪ್ಪಿದೆ, ತಿದ್ದಿ ಇಲ್ಲವೇ ತೆಗೆಯಿರಿ ಎಂದು ಯಾರೋ ಸಂದೇಶ ಹಾಕಿದ್ದರು. ಕಾಕಾ ಈಗಿಲ್ಲ. ಚಿತ್ರವನ್ನು ಅಲ್ಲಿ ಏರಿಸಿದವಳು ನಾನಾದ್ದರಿಂದ ಉತ್ತರ ಕೊಡಬೇಕಾದವಳೂ ನಾನೇ. ಆ ಸಂದೇಶವನ್ನು ತೆರೆಯುವುದು, ಮುಚ್ಚುವುದು, ಗಿರಾಕಿ ಬಂದರೆ ಸದ್ಯ ಬದುಕಿದೆ ಎಂದು ಎದ್ದು ಹೋಗುವುದು, ಇದೇ ನಡೆದಿತ್ತು.

ನಾನು ಬೆಟಗೇರಿಯ ನೇಕಾರರ ಮನೆಯವಳು. ಮಗ್ಗ ಅಜ್ಜನ ಕಾಲಕ್ಕೇ ಮೂಲೆ ಸೇರಿತು. ಅಪ್ಪ ಗದಗಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತ, ಮತ್ತೆ ಮಡಚುತ್ತ ಮುದುಕನಾದ. ನಾನು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತೆ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶಕ್ಕೆ ಸುಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ... ಹಾಡಿದ್ದೇ ಹಾಡೋ ಕಿಸಬಾಯಿದಾಸ ಎನ್ನುವ ಹಾಗೆ ಇಷ್ಟು ವರ್ಷ ಕಳೆದುಹೋಗಿದೆ. ಬದುಕಿದ್ದವರ ಮುಖ ಬೆಳ್ಳಗೆ ಮಾಡುವುದು, ಸತ್ತವರ ಮುಖದ ಹಿಂದೆ ಮೋಡ ಹಾಕುವುದು. ಸಂಜೆಗೆ ಕಣ್ಣು ಉರಿಯುತ್ತದೆ, ಕುತ್ತಿಗೆ ತಿರುಗುವುದಿಲ್ಲ. ಇದರಾಚೆ ನನ್ನಿಂದ ಏನೂ ಆಗಲಿಕ್ಕಿಲ್ಲ ಎಂದುಕೊಂಡಿದ್ದೆ.

ಡೈನೋಸಾರಿನ ಹುಚ್ಚು ಹಚ್ಚಿದವರು ಶಿರಹಟ್ಟಿಯ ಹೈಸ್ಕೂಲೊಂದರ ವಿಜ್ಞಾನದ ಮೇಡಂ. ಶಾಲೆಯ ವಸ್ತುಪ್ರದರ್ಶನಕ್ಕೆ ಬ್ಯಾನರ್ ಮಾಡಿಸಲು ನಮ್ಮಲ್ಲಿಗೆ ಬಂದಿದ್ದರು. ಬ್ಯಾನರಿಗೆ ನಾಲ್ಕು ಸಾಲು ಕನ್ನಡದಲ್ಲಿ ಬೇಕೆಂದು ನಾನು ವಿಶ್ವಕೋಶ ತೆರೆದೆ. ಇದ್ದದ್ದು ಎರಡೇ ಸಾಲು. ಅದರಲ್ಲೂ ಒಂದು, ಡೈನೋಸಾರ್‌ಗಳು ಮನುಷ್ಯರನ್ನು ತಿನ್ನುತ್ತಿದ್ದವು ಎಂದಿತ್ತು. ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

"ಆಗ ಮನುಷ್ಯಾರ ಇದ್ದಿಲ್ಲವಾ. ಅವು ಯಾರನ್ನ ತಿನಬೇಕು? ಇದನ್ನ ಯಾರ ಬೇಕಾದರೂ ತಿದ್ದಬಹುದು. ನಾ ಹೇಳತೀನಿ, ನೀ ಹೊಡಿ."

ಅವರು ಹೇಳಿದರು, ನಾನು ಟೈಪ್ ಮಾಡಿದೆ. ಬ್ಯಾನರ್ ಹಿಂದೆ ಬಿತ್ತು. ಮುಂದಿನ ರವಿವಾರ ಮತ್ತೆ ಬಂದರು, ಕೈಯಲ್ಲಿ ಇಂಗ್ಲಿಷ್ ಪುಸ್ತಕ. ಹೀಗೆ ಶುರುವಾದದ್ದು. ಕೆಲವು ವಾರಕ್ಕೆ ನಮ್ಮ ಲೇಖನದ ಚರ್ಚೆಯ ಪುಟದಲ್ಲಿ ಒಬ್ಬರು ತಕರಾರು ಎತ್ತಿದರು. ವಾದ ಮಾಡುತ್ತ ಮಾಡುತ್ತ ನೋಡಿದರೆ ಅವರು ಮುಂಡರಗಿಯಲ್ಲಿ ಔಷಧಿ ಅಂಗಡಿ ಇಟ್ಟವರು. ಮೂರು ಊರಿನವರು ಇಡೀ ಜಗತ್ತು ಸುತ್ತಿ ಬಂದು ಪರಸ್ಪರ ಪರಿಚಯವಾದಂತಾಯಿತು. ಅವರೂ ಬರತೊಡಗಿದರು. ಮೇಡಂ ಇಂಗ್ಲಿಷ್ ಓದಿ ತಿಳಿಸುವುದು, ಔಷಧಿ ಅಂಗಡಿಯವರು ಗಿರಾಕಿಗಳ ನಡುವೆ ಕನ್ನಡ ಮಾಡಿಡುವುದು, ನಾನು ಟೈಪ್ ಮಾಡಿ ಏರಿಸುವುದು. ಬರೆದವರೇ ಸರಿ ಎನ್ನುವಂತಿಲ್ಲ, ಇನ್ನೊಬ್ಬರು ಓದಿ ಒಪ್ಪಬೇಕು. ಯಾರಿಗೂ ಕೂಲಿ ಇಲ್ಲ, ಹೆಸರಿಲ್ಲ. ನಮ್ಮವ್ವ ಮಾತ್ರ ಪ್ರತಿ ರವಿವಾರ ಬಾಗಿಲಲ್ಲಿ ನಿಂತು, "ಊರಿಗೆ ಉಪಕಾರಿ, ಮನಿಗೆ ಮಾರಿ. ಸತ್ತ ಹಲ್ಲಿ ಸಲುವಾಗಿ ಮನ್ಯಾಗಿನ ಕೆಲಸ ಬಿಟ್ಟು ಹೊಂಟಿ" ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಬರವಣಿಗೆ ಹೇಗೋ ಸಾಗಿತು. ಚಿತ್ರದ್ದೇ ತೊಂದರೆಯಾಯಿತು. ಬೇರೆಯವರ ಚಿತ್ರ ಕದ್ದು ಹಾಕುವಂತಿಲ್ಲ. ಯಾರಾದರೂ ಬರೆದು, ಎಲ್ಲರೂ ಬಳಸಲಿ ಎಂದು ಬಿಟ್ಟುಕೊಡಬೇಕು. ಅದನ್ನೂ ನೇರವಾಗಿ ಹಾಕುವ ಹಾಗಿಲ್ಲ. ಡೈನೋಸಾರ್ ಚಿತ್ರಗಳನ್ನು ತೂಗಿ ನೋಡುವುದಕ್ಕೇ ಒಂದು ಪುಟವಿದೆ. ಎಲ್ಲೆಲ್ಲಿಯೋ ಕುಳಿತ ಸ್ವಯಂಸೇವಕರು ಅಲ್ಲಿ ಬಂದು ಬಾಲ ಹೀಗಿರಬಾರದು, ಕುತ್ತಿಗೆ ಹಾಗಿರಬಾರದು ಎಂದು ಹೇಳುತ್ತಾರೆ. ಅವರು ಒಪ್ಪಿದ ಮೇಲೆಯೇ ಚಿತ್ರ ಲೇಖನಕ್ಕೆ ಏರುತ್ತದೆ. ಬೀಗರು ಹೆಣ್ಣು ನೋಡಲು ಬಂದಷ್ಟೇ ಸೂಕ್ಷ್ಮವಾಗಿ ನೋಡುತ್ತಾರೆ.

ಕಾಕಾ ಬಂದದ್ದು ಆ ದಿನಗಳಲ್ಲಿ. ಮುಳಗುಂದದ ಕಡೆಯ ಒಂದು ಹಳ್ಳಿಯ ನಾಟಕದವರು ತಮ್ಮ ಅಡವಿಯ ಪರದೆ ತಂದು, ಇದು ಹರಿದಿದೆ, ಇಂಥದ್ದೇ ಫ್ಲೆಕ್ಸಿನಲ್ಲಿ ಮಾಡಿಕೊಡಿ ಎಂದು ಕೊಟ್ಟಿದ್ದರು. ಅದನ್ನು ಅಂಗಡಿಯ ನೆಲದ ಮೇಲೆ ಹಾಸಿ ಫೋಟೋ ತೆಗೆಯುತ್ತಿದ್ದೆ. ಬಿಳಿ ಧೋತರ, ಬಣ್ಣದ ಕಲೆಯ ಅಂಗಿ, ಹಗ್ಗ ಕಟ್ಟಿದ ಕನ್ನಡಕದ ಮುದುಕರೊಬ್ಬರು ಬಾಗಿಲಲ್ಲಿ ನಿಂತರು. ಚಪ್ಪಲಿ ಕಳೆದು ಒಳಗೆ ಬಂದು ಆ ಪರದೆಯ ಅಂಚಿಗೆ ಕುಳಿತರು. ಹರಿದ ಜಾಗವನ್ನು ಎರಡೂ ಕೈಯಿಂದ ಕೂಡಿಸಿ ನೋಡಿದರು.

"ಇದನ್ನ ಬರದಾಂವ ನಾ" ಎಂದರು. "ಇದಕ್ಕ ಮಣ್ಣ ಕೊಡತಾರಂತ ಖಬರ ಬಂತು. ಮಾರಿ ನೋಡಿ ಹೋಗೂಣಂತ ಬಂದೆ."

ಚಹಾ ತರಿಸಿದೆ. ಬೈಯಲು ಬಂದವರು ಚಹಾ ಕುಡಿದು ತಣ್ಣಗಾದರು. ನಾಟಕದ ಪರದೆ, ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಟ್ರ್ಯಾಕ್ಟರಿನ ಟ್ರೇಲರು, ಇವನ್ನೆಲ್ಲ ಬರೆದು ಬದುಕಿದ ಮನುಷ್ಯ. ಸರೇಸು ಕುದಿಸಿ ಅದರಲ್ಲಿ ಪುಡಿಬಣ್ಣ ಕಲಸುವ ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಮಾತಿನ ನಡುವೆ ಅವರ ಕಣ್ಣು ನನ್ನ ಕಂಪ್ಯೂಟರಿನ ಮೇಲೆ ಬಿತ್ತು. ಅಲ್ಲಿ ನಾವು ಆಗ ಬರೆಯುತ್ತಿದ್ದ ಬಾರಾಪಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರವಿತ್ತು. ಹೆಸರಿಗೆ ದೊಡ್ಡ ಕಾಲಿನ ಹಲ್ಲಿ ಎಂದು ಅರ್ಥ, ಸೊಪ್ಪು ತಿನ್ನುವ ಪ್ರಾಣಿ.

"ಇದ ಯಾವ ಪ್ರಾಣಿವಾ?"

"ಡೈನೋಸಾರ್ ರಿ ಕಾಕಾ. ನಮ್ಮ ದೇಶದ್ದ. ಗೋದಾವರಿ ಕಡೆ ಎಲುಬು ಸಿಕ್ಕಾವ. ತಲಿಬುರುಡಿ ಸಿಕ್ಕಿಲ್ಲ."

"ಮೈ ಯಾರು ಬರೀತಾರ?"

"ಬರಿಯೋರನ್ನ ಹುಡುಕಾಕ ಹತ್ತೇವ್ರಿ."

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದ ಕುಂತಾಂವ ನಿನಗ ಕಾಣವಲ್ನೇನು?" ಎಂದರು.

ಮೊದಲ ಚಿತ್ರವನ್ನು ಕಾಕಾ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ದೊಡ್ಡ ರಟ್ಟಿನ ಮೇಲೆ ಅಂಟಿಸಿದ ಬಟ್ಟೆ. ಹಿಂದೆ ಮುಳುಗುವ ಸೂರ್ಯ, ಒಂದು ಜಲಪಾತ, ಮುಂದೆ ಸೊಂಪಾದ ಹುಲ್ಲು, ಹುಲ್ಲಿನ ತುಂಬ ಕೆಂಪು ಹೂ. ನಡುವೆ ಆ ಪ್ರಾಣಿ, ಮೈ ಅಡ್ಡಲಾಗಿ ನಿಂತಿದ್ದರೂ ಮುಖ ಮಾತ್ರ ನೋಡುವವರ ಕಡೆ ತಿರುಗಿಸಿ, ರೆಪ್ಪೆಯ ದೊಡ್ಡ ಕಣ್ಣಿನಿಂದ ಈಗ ಹಾಡು ಹೇಳುತ್ತೇನೆ ಎನ್ನುವಂತೆ ನಿಂತಿತ್ತು. ಚೆಂದವಿತ್ತು, ಸುಳ್ಳು ಹೇಳಬಾರದು. ನಾನು ಫೋಟೋ ತೆಗೆದು ಪರೀಕ್ಷೆಯ ಪುಟಕ್ಕೆ ಹಾಕಿದೆ.

ಎರಡು ದಿನಕ್ಕೆ ಬಾಣದ ಸುರಿಮಳೆ. ಆ ಕಾಲಕ್ಕೆ ಹುಲ್ಲು ಇನ್ನೂ ಹುಟ್ಟಿರಲಿಲ್ಲ. ಹೂ ಇರಲಿಲ್ಲ. ಬಾಲ ನೆಲಕ್ಕೆ ಎಳೆಯಬಾರದು. ಕಣ್ಣಿಗೆ ರೆಪ್ಪೆ ಏಕೆ? ಎಲ್ಲಕ್ಕಿಂತ ದೊಡ್ಡ ಆಕ್ಷೇಪ, ದೊಡ್ಡ ಕಾಲಿನ ಪ್ರಾಣಿಯ ಕಾಲುಗಳೇ ಹುಲ್ಲಿನಲ್ಲಿ ಮುಚ್ಚಿಹೋಗಿವೆ ಎಂಬುದು. ಮೇಡಂ ಒಂದೊಂದನ್ನೂ ಕನ್ನಡ ಮಾಡಿ ಹೇಳಿದರು. ಕಾಕಾ ಕೇಳುತ್ತ ಹೋದರು. ಕಿವಿ ಕೆಂಪಾಗಿದ್ದವು.

"ಹುಲ್ಲ ಇಲ್ಲದ ಅಡವಿ ಎಲ್ಲೆರ ಇರತೈತೇನ್ರಿ ಮೇಡಂ?"

"ಆಗ ಹಂಗ ಇತ್ತರಿ. ಜರಿಗಿಡ, ಸೂಜಿ ಎಲಿ ಗಿಡ ಅಷ್ಟ."

"ಅವರು ಹೋಗಿ ನೋಡಿ ಬಂದಾರೇನು?"

ಮೇಡಂಗೆ ನಗು ಬಂತು, ನಗಲಿಲ್ಲ. ಅವರಾದರೂ ಸುಮ್ಮನಿರಬಹುದಿತ್ತು. ಆದರೆ ಅವರ ಸ್ವಭಾವ ಹಾಗಲ್ಲ. ಕಲ್ಲಿನಲ್ಲಿ ಸಿಕ್ಕ ಎಲೆಯ ಗುರುತು, ಪರಾಗದ ಗುರುತು, ಎಲ್ಲವನ್ನೂ ಬಿಡಿಸಿ ಹೇಳಿದರು. ಕಾಕಾ ನಮ್ಮ ಕಪ್ಪತಗುಡ್ಡದಲ್ಲಿ ಅಗೆದರೆ ಇಂಥ ಎಲುಬು ಸಿಗುವುದಿಲ್ಲವೇ ಎಂದು ಕೇಳಿದರು. ಆ ಗುಡ್ಡದ ಕಲ್ಲು ಡೈನೋಸಾರ್‌ಗಿಂತ ಎಷ್ಟೋ ಹಳೆಯದು, ಅದು ಹುಟ್ಟಿದಾಗ ಎಲುಬಿನ ಪ್ರಾಣಿಯೇ ಇರಲಿಲ್ಲ ಎಂದು ಮೇಡಂ ಹೇಳಿದಾಗ ಕಾಕಾನಿಗೆ ಇನ್ನಷ್ಟು ಬೇಜಾರಾಯಿತು.

ಮೇಡಂ ಹೋದ ಮೇಲೆ ಕಾಕಾ ನನಗೊಬ್ಬಳಿಗೇ ಹೇಳಿದರು. ಅಡವಿಯ ಪರದೆಗೆ ಕೆಳಗೆ ಹುಲ್ಲು ಬರೆಯುವುದು ಅವರ ಕಸುಬಿನ ಪದ್ಧತಿ. ಪರದೆ ಇಳಿದಾಗ ಕೆಳಗಿನ ಅಂಚು ಧೂಳಿನಲ್ಲಿ ಹೊರಳುತ್ತದೆ, ಪಾತ್ರಧಾರಿಗಳು ತುಳಿಯುತ್ತಾರೆ. ಹಸಿರು ಹುಲ್ಲಿದ್ದರೆ ಹೊಲಸು ಕಾಣುವುದಿಲ್ಲ. "ಮತ್ತ ಇನ್ನೊಂದ ಐತಿ" ಎಂದು ದನಿ ತಗ್ಗಿಸಿದರು. "ಕಾಲು ಬರಿಯೂದು ಭಾಳ ತ್ರಾಸು. ಕುದರಿ ಇರಲಿ, ಜಿಂಕಿ ಇರಲಿ, ಮೊಣಕಾಲಿನತನಾ ಬರದು ಹುಲ್ಲ ಮುಚ್ಚಿಬಿಟ್ರ ಆತು. ನಮ್ಮ ಗುರುಗೋಳೂ ಹಂಗ ಮಾಡತಿದ್ರು. ನಾ ಇಷ್ಟ ವಯಸ್ಸಾದರೂ ಒಂದ ಪ್ರಾಣಿಗೂ ಪಾದ ಬರದಿಲ್ಲ."

ಅವರ ಮುಖ ನೋಡಿ ಕನಿಕರವಾಯಿತು. ಹುಲ್ಲನ್ನು ಕಂಪ್ಯೂಟರಿನಲ್ಲೇ ಅಳಿಸಿ, ಬೇರೆ ಕಡೆಯಿಂದ ಕಾಲು ತಂದು ಕೂಡಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ದಿನವಿಡೀ ನಾನು ಮಾಡುವುದು ಅದನ್ನೇ. ಕಾಕಾ ಎದ್ದು ನಿಂತರು.

"ಬ್ಯಾಡ. ನನ್ನ ಚಿತ್ರಕ್ಕ ನಿನ್ನ ಮಸೀನ ಹಚ್ಚಬ್ಯಾಡ. ತಪ್ಪಿದ್ರ ತಗದ ಒಗಿ, ನಾ ಮತ್ತ ಬರೀತೇನಿ. ತ್ಯಾಪಿ ಹಚ್ಚಿದ ಮ್ಯಾಲ ಅದು ನನ್ನದು ಹೆಂಗ ಆಗತೈತಿ?"

ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದವರು ಬಹಳ ದಿನ ಬರಲಿಲ್ಲ. ಫೋನ್ ಎತ್ತಲಿಲ್ಲ. ಔಷಧಿ ಅಂಗಡಿಯವರು, ಮುದುಕರನ್ನು ನೋಯಿಸಿ ಕಳಿಸಿದಿರಿ, ಯಾರೂ ಓದದ ಲೇಖನಕ್ಕೆ ಇಷ್ಟು ಕಾನೂನು ಏಕೆ ಎಂದು ಸಿಟ್ಟಾದರು. ಮೇಡಂ, ಯಾರೂ ಓದುವುದಿಲ್ಲವೆಂದು ತಪ್ಪು ಬರೆಯಬಹುದೇ ಎಂದರು. ಇಬ್ಬರ ಮಾತೂ ಸರಿ. ನಡುವೆ ಕುಳಿತು ಟೈಪ್ ಮಾಡುವವಳಿಗೆ ಸಾಕುಸಾಕಾಗಿತ್ತು. ಆ ಒಂದು ಲೇಖನಕ್ಕೆ ಬಂದ ತಕರಾರುಗಳನ್ನು ಓದುವುದರಲ್ಲೇ ನನ್ನ ಎಷ್ಟೋ ರವಿವಾರಗಳು ಹೋದವು. ಬಿಟ್ಟುಬಿಡೋಣ ಎಂದುಕೊಂಡೆ. ಬಿಡುವ ಮುನ್ನ ಕಾಕಾನಿಗೊಂದು ಮಾತು ಹೇಳಿ ಬರೋಣವೆಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಕಾಕಾ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ, ಊರು ತೋರಿಸಲು ಹೊರಟರು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಶಾಲೆಯ ಗೋಡೆಯ ಮುಂದೆ ನಿಂತರು. ಅಲ್ಲಿ ಅವರು ನವಿಲು, ನದಿ ಬರೆದಿದ್ದರಂತೆ. ಈಗ ಹಳದಿ ಡಿಸ್ಟೆಂಪರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೋಡೆ, ಬಿಳಿ ಸುಣ್ಣ. ದಲಾಲರ ಅಡತಿ ಅಂಗಡಿಯೊಂದರ ಹಿಂದೆ ಉಳ್ಳಾಗಡ್ಡಿಯ ರಾಶಿಗೆ ಹೊದಿಸಿದ್ದ ಬಟ್ಟೆಯಲ್ಲಿ ಅರಮನೆಯ ಎರಡು ಕಂಬ ಕಂಡವು. ಅದೂ ಅವರದೇ ಪರದೆ. ಕೊನೆಗೆ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತು, ಅದಕ್ಕೆ ಬಡಿದಿದ್ದ ಫ್ಲೆಕ್ಸಿನ ಒಂದು ಮೂಲೆಯನ್ನು ಎತ್ತಿ ಹಿಡಿದರು. ಒಳಗೆ ತಗಡಿನ ಮೇಲೆ ಕೆಂಪು ಅಕ್ಷರ, ಅಂಚಿಗೆ ಹಳದಿ ನೆರಳು.

"ನೋಡು, ಇದರ ಬುಡಕ ನಾ ಅದೇನಿ" ಎಂದು ನಕ್ಕರು. "ಮ್ಯಾಲಿಂದು ನಿಮ್ಮ ಅಂಗಡೀದಾ ಅಲ್ಲೇನು?"

ನಮ್ಮದೇ. ನಾನೇ ಮಾಡಿದ್ದು.

ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ಅವರ ಕೈಯನ್ನು ಗಮನಿಸಿದೆ. ಚಹಾ ಸುರಿದುಕೊಂಡ ಬಸಿ ಗಡಗಡ ನಡುಗುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. ಮುಚ್ಚಿಡಲಿಲ್ಲ.

"ಡಾಕ್ಟರು ಇದು ಹೆಚ್ಚಾಕ್ಕೋತ ಹೋಗತೈತಿ ಅಂದಾರ. ಕುಂಚ ಹಿಡಿಯೂದು ಇನ್ನ ಭಾಳ ದಿನ ಇಲ್ಲ." ಸ್ವಲ್ಪ ಹೊತ್ತು ಚಹಾ ಊದಿದರು. "ನಾ ಬರದದ್ದು ಈ ಊರಾಗ ಒಂದೂ ಉಳಿದಿಲ್ಲವಾ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ನಿಮ್ಮ ಆ ಪುಸ್ತಕದಾಗ ಒಂದ ಚಿತ್ರ ನಿಂತ್ರ ಸಾಕು. ಒಂದ ನಿಂತ್ರ, ನಾನೂ ಬರೀತಿದ್ದೆ ಅನ್ನೂದು ಖರೆ ಆಗತೈತಿ."

ಅದು ಪುಸ್ತಕವಲ್ಲ, ಅಲ್ಲಿಯೂ ಯಾರು ಬೇಕಾದರೂ ತೆಗೆಯಬಹುದು ಎಂದು ಹೇಳಬೇಕಿತ್ತು. ಹೇಳದೆ ಚಹಾದ ದುಡ್ಡು ಕೊಟ್ಟು ಎದ್ದೆ. ಆಮೇಲೆ ಮೇಡಂ ಹೇಳಿದರಂತೆ, ಕಾಕಾ ಸುಮ್ಮನೆ ತಲೆಯಾಡಿಸಿದರಂತೆ. ಬಿಟ್ಟುಬಿಡುವ ಮಾತನ್ನು ನಾನು ಬಸ್ಸಿನಲ್ಲೇ ಮರೆತು ಬಂದವಳಂತೆ ವಾಪಸ್ಸಾದೆ.

ಕಾಕಾ ಮತ್ತೆ ಬರೆಯತೊಡಗಿದರು. ನಮ್ಮ ನಾಡಿನ ಒಬ್ಬ ಸ್ವಯಂಸೇವಕ ಕೊಲ್ಕತ್ತಾದಲ್ಲಿ ಆ ಪ್ರಾಣಿಯ ನಿಲ್ಲಿಸಿದ ಅಸ್ಥಿಪಂಜರದ ಮುಂದೆ ನಿಂತು ತೆಗೆದ ಫೋಟೋಗಳನ್ನು ಕಳಿಸಿದ. ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕೊಟ್ಟೆ. ಕಾಕಾ ಸಂತೆಗೆ ಹೋಗಿ ಎತ್ತುಗಳ ಕಾಲು ನೋಡುತ್ತ ಕುಳಿತರು, ವ್ಯಾಪಾರಿಗಳು ಇವರನ್ನು ದಲಾಲಿ ಎಂದುಕೊಂಡರಂತೆ. ಎತ್ತಿನ ಕಾಲು ಸಣ್ಣದಾಯಿತು ಎಂದು ಆನೆಗೆ ಬಂದರು. ರಾಜನ ಮೆರವಣಿಗೆಯ ಪರದೆಗೆ ಹಿಂದೆ ಆನೆ ಬರೆದ ಕೈ, ಪಾದ ಬರೆದಿರದಿದ್ದರೂ ಅದರ ಕಾಲಿನ ಅಂದಾಜು ಇತ್ತು. ಪರೀಕ್ಷೆಯ ಪುಟದವರು ಒಂದು ಚಿತ್ರಕ್ಕೆ ಕುತ್ತಿಗೆ ತಪ್ಪು ಎಂದರು, ಇನ್ನೊಂದಕ್ಕೆ ಹೊಟ್ಟೆ ಜೋತಿದೆ ಎಂದರು. ಪ್ರತಿ ಸಲವೂ ಕಾಕಾ ಹಳೆಯದನ್ನು ಸುತ್ತಿಟ್ಟು ಹೊಸ ಬಟ್ಟೆ ಬಿಗಿದರು, ತೇಪೆಗೆ ಕೈ ಹಾಕಲಿಲ್ಲ. ತಲೆ ಹೇಗಿರಬೇಕೆಂದು ಯಾರಿಗೂ ಗೊತ್ತಿಲ್ಲದ ಕಾರಣ ಮೇಡಂ ಹತ್ತಿರದ ಬಳಗದ ಪ್ರಾಣಿಗಳ ತಲೆ ತೋರಿಸಿ ಸಾದಾ ಒಂದು ತಲೆ ಬರೆಸಿದರು. "ತಲಿ ಕಳಕೊಂಡ ಪ್ರಾಣಿಗೆ ನೆಂಟರ ತಲಿ ಇಡೂದೇನು?" ಎಂದು ಕಾಕಾ ಗೊಣಗಿದರು. ಇಟ್ಟರು.

ಕಡೆಯ ಚಿತ್ರ ಬರೆಯುವುದನ್ನು ನಾನು ಅವರ ಮನೆಯಲ್ಲಿ ಕುಳಿತು ನೋಡಿದ್ದೇನೆ. ಬಲಗೈಯ ಮಣಿಕಟ್ಟಿಗೆ ಆಸರೆಯಾಗಿ ಒಂದು ಕೋಲನ್ನು ಎಡಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒಂದು ಗೆರೆ ಎಳೆಯುವುದು. ಆಮೇಲೆ ಕೈ ಇಳಿಬಿಟ್ಟು ಕೂಡುವುದು. ಮತ್ತೆ ಒಂದು ಗೆರೆ. ಮಗಳು ಬಂದು, ಸಾಕು ಮಾಡಪ್ಪಾ ಎಂದು ಹೇಳಿ ಹೋಗುತ್ತಿದ್ದಳು. ಜರಿಗಿಡಗಳ ನಡುವೆ ಬರಿಯ ಕೆಂಪು ಮಣ್ಣು, ಅದರ ಮೇಲೆ ನಾಲ್ಕು ಕಾಲೂರಿ ನಿಂತ ಪ್ರಾಣಿ. ಪಾದಗಳನ್ನು ಎಷ್ಟು ಅಕ್ಕರೆಯಿಂದ ಬರೆದಿದ್ದರೆಂದರೆ ಒಂದೊಂದು ಉಗುರಿಗೂ ಒಂದು ಚುಕ್ಕೆ ಬೆಳಕು ಕೊಟ್ಟಿದ್ದರು.

ಅದು ಪಾಸಾಯಿತು. ಪರೀಕ್ಷೆಯ ಪುಟದಲ್ಲಿ ಯಾರೋ, ಇದರಲ್ಲಿ ಪ್ರಾಣಿಯ ಭಾರ ಕಾಣುತ್ತದೆ, ಚಿತ್ರಕಾರರಿಗೆ ಧನ್ಯವಾದ ಎಂದು ಬರೆದರು. ಫೋನಿನಲ್ಲಿ ಓದಿ ಹೇಳಿದೆ. "ಇನ್ನೊಮ್ಮೆ ಓದು" ಎಂದರು. ಓದಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು. ಅಳುತ್ತಿದ್ದರೋ ಏನೋ, ನಾನು ಕೇಳಲಿಲ್ಲ.

ಆಮೇಲೆ ಕಾಕಾನಿಗೆ ಹೊಸ ಚಟ ಹತ್ತಿತು. ಅವರ ಹತ್ತಿರ ದೊಡ್ಡ ಫೋನ್ ಇರಲಿಲ್ಲ. ಚಹಾದ ಅಂಗಡಿಗೆ ಹೋಗಿ ಯಾರ ಕೈಯಲ್ಲಿ ಅಂಥ ಫೋನ್ ಕಂಡರೂ ಪಕ್ಕ ಕುಳಿತು ಆ ಪುಟ ತೆಗೆಸುತ್ತಿದ್ದರು. ಪ್ರಾಣಿಯ ಹೆಸರು ಹೇಳಲು ಬಾರದವರಿಗೆ ಬೈಯುತ್ತಿದ್ದರು. ಯಾರೂ ಸಿಗದ ದಿನ ನನಗೆ ಫೋನ್.

"ಐತೇನವಾ?"

"ಐತ್ರಿ ಕಾಕಾ."

"ಆತು" ಎಂದು ಇಟ್ಟುಬಿಡುವುದು. ಬೇರೆ ಮಾತಿಲ್ಲ. ಕೆಲಸದ ಗಡಿಬಿಡಿಯಲ್ಲಿ ಕೆಲವೊಮ್ಮೆ ಪುಟ ತೆರೆಯದೆಯೇ ಐತ್ರಿ ಎಂದದ್ದೂ ಉಂಟು. ಹೇಗೂ ಇತ್ತಲ್ಲ.

ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂದಾಗ ಎತ್ತಿದ ಕೂಡಲೇ ಐತ್ರಿ ಎಂದೆ. ಆ ಕಡೆ ಮಗಳಿದ್ದಳು. ಹೋದ ವರ್ಷದ ಮಾತು... ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮಗಳು ನಮ್ಮ ಅಂಗಡಿಯಲ್ಲೇ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಬೇಕೆಂದಳು. ಮಾಡಿದೆ. ಮುಖದ ಹಿಂದೆ ಮೋಡ ಹಾಕಲು ಮಾತ್ರ ಮನಸ್ಸು ಬರಲಿಲ್ಲ.

ಈಗ ನಮ್ಮ ರವಿವಾರಗಳೂ ನಿಂತಿವೆ. ಔಷಧಿ ಅಂಗಡಿಯವರಿಗೆ ಕಣ್ಣಿನ ಪೊರೆ, ಸಣ್ಣ ಅಕ್ಷರ ಓದಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಮೇಡಂಗೆ ಶಾಲೆಯ ಕೆಲಸವೇ ಕುತ್ತಿಗೆಗೆ ಬಂದಿದೆ. ನಾನು ಬಿಡುವಿದ್ದಾಗ ಒಂದೆರಡು ಸಾಲು ತಿದ್ದುತ್ತೇನೆ, ಅಷ್ಟೇ. ಬರೆಯಬೇಕಾದ ಡೈನೋಸಾರ್‌ಗಳು ಎ‌ಷ್ಟೋ ಉಳಿದಿವೆ. ಉತ್ಸಾಹ ಉಳಿದಿಲ್ಲ.

ಹೀಗಿರುವಾಗ ಬಂದ ಸಂದೇಶ ಅದು. ಬರೆದವರು ಹೊಸಬರು, ಸಭ್ಯವಾಗಿಯೇ ಬರೆದಿದ್ದರು. ಈ ಪ್ರಾಣಿಯ ಮುಂಗಾಲಿಗೆ ಆನೆಯಂತೆ ಸಾಲಾಗಿ ಉಗುರು ಬರೆದಿದ್ದಾರೆ. ಈ ಬಳಗದವಕ್ಕೆ ಮುಂಗಾಲಿನಲ್ಲಿ ಹೆಬ್ಬೆರಳಿಗೆ ಮಾತ್ರ ದೊಡ್ಡ ಉಗುರು, ಉಳಿದವು ಹೀಗೆ ಇರುವುದಿಲ್ಲ. ಶಾಲೆಯ ಮಕ್ಕಳು ಈ ಚಿತ್ರವನ್ನೇ ನೋಡಿ ಬರೆಯುತ್ತಿದ್ದಾರೆ, ಆದ್ದರಿಂದ ಬೇಗ ತಿದ್ದಿದರೆ ಒಳ್ಳೆಯದು.

ಮೇಡಂಗೆ ಫೋನ್ ಮಾಡಿದ್ದೆ. ಅವರು ಪುಸ್ತಕ ತೆಗೆದು ನೋಡಿ ಹೇಳಿದರು. "ಅವರು ಹೇಳಿದ್ದು ಖರೆ ಐತಿ. ಆಗ ಯಾರ ಕಣ್ಣಿಗೂ ಬೀಳಲಿಲ್ಲ ನೋಡು. ಹುಲ್ಲಿನ ಗದ್ದಲದಾಗ ಉಗುರು ಯಾರು ಎಣಿಸಿದ್ರು?" ಮತ್ತೆ ಅವರೇ, "ನೀ ಕಂಪ್ಯೂಟರಿನ್ಯಾಗ ಅವನ್ನ ಅಳಿಸಿಬಿಡಬಾರದೇನು? ನಿನಗ ಹತ್ತು ನಿಮಿಷದ ಕೆಲಸ. ಮುದುಕರ ಚಿತ್ರ ಉಳೀತೈತಿ" ಎಂದರು.

ಮೊನ್ನೆ ರವಿವಾರ ಮಧ್ಯಾಹ್ನ ಅಂಗಡಿಗೆ ಬಂದು ಚಿತ್ರವನ್ನು ತೆರೆದೆ. ಮುಂಗಾಲನ್ನು ಹಿಗ್ಗಿಸಿದೆ. ಹಿಗ್ಗಿಸಿದಾಗ ನಡುಕ ಕಂಡಿತು. ದೂರದಿಂದ ನೇರವಾಗಿ ಕಾಣುವ ಗೆರೆ ಹತ್ತಿರದಿಂದ ಅಲೆಅಲೆಯಾಗಿತ್ತು. ಪ್ರತಿ ಉಗುರಿನ ಮೇಲೂ ಆ ಬೆಳಕಿನ ಚುಕ್ಕೆ. ಒಂದು ಉಗುರನ್ನು ಅಳಿಸಿದೆ. ಚರ್ಮದ ಬಣ್ಣ ತಂದು ತುಂಬಿದೆ. ಗುರುತೇ ಸಿಗಲಿಲ್ಲ, ಅಷ್ಟು ಸಲೀಸಾಗಿ ಹೋಯಿತು. ನನ್ನ ಕೈಗೆ ಈ ಕೆಲಸ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನೋಡಿ ಕೈ ಹಿಂದೆ ತೆಗೆದೆ. ಅಳಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಿದೆ.

ಕಾಕಾ ಬೇಡಿದ್ದು ಒಂದು ಚಿತ್ರ ನಿಲ್ಲಲಿ ಎಂದು. ಮಸೀನ ಹಚ್ಚಬೇಡ ಎಂದದ್ದೂ ಅವರೇ. ಬದುಕಿದ್ದಾಗ ಈ ಎರಡು ಮಾತಿಗೆ ಜಗಳವಿರಲಿಲ್ಲ, ಒಂದು ಹೋದರೆ ಇನ್ನೊಂದು ಬರೆಯುತ್ತಿದ್ದರು. ಈಗ ಒಂದನ್ನು ನಡೆಸಿದರೆ ಇನ್ನೊಂದು ಮುರಿಯುತ್ತದೆ. ಬಹಳ ಹೊತ್ತು ಕುಳಿತೆ. ತಿದ್ದಿದ ಚಿತ್ರ ನಿಂತರೆ ಕಾಕಾನ ಹೆಸರಿನ ಕೆಳಗೆ ನನ್ನ ಕೆಲಸ ನಿಂತಿರುತ್ತದೆ. ಅವರ ಊರಿನಲ್ಲಿ ಆಗಿದ್ದೂ ಅದೇ ಅಲ್ಲವೇ, ಅವರದ್ದರ ಮೇಲೆ ನಮ್ಮದು.

ಲೇಖನದ ಪುಟ ತೆರೆದು ಚಿತ್ರವನ್ನು ತೆಗೆದೆ. ತೆಗೆಯುವಾಗ ಕಾರಣ ಬರೆಯಬೇಕೆಂದು ಅಲ್ಲೊಂದು ಖಾಲಿ ಜಾಗ ಬರುತ್ತದೆ. ಸಾಮಾನ್ಯವಾಗಿ ಎರಡು ಪದ ಹೊಡೆದು ಮುಗಿಸುತ್ತೇವೆ. ನಾನು ಹೀಗೆ ಬರೆದೆ: ಮುಂಗಾಲಿನ ಉಗುರುಗಳು ತಪ್ಪಾಗಿವೆ. ಚಿತ್ರಕಾರರು ಬದುಕಿದ್ದರೆ ಮತ್ತೆ ಬರೆದುಕೊಡುತ್ತಿದ್ದರು.

ಎರಡನೆಯ ವಾಕ್ಯ ವಿಶ್ವಕೋಶಕ್ಕೆ ಬೇಕಾದದ್ದಲ್ಲ. ಅಳಿಸಲಿಲ್ಲ. ಶಾಲೆಯ ಗೋಡೆಗೆ ಹಳದಿ ಬಳಿದವರು, ಬಸ್ ಸ್ಟ್ಯಾಂಡಿನ ಗೋಡೆಗೆ ಸುಣ್ಣ ಹೊಡೆದವರು, ಕಿರಾಣಿ ಅಂಗಡಿಯ ತಗಡಿಗೆ ಫ್ಲೆಕ್ಸ್ ಬಡಿದವರು, ಯಾರೂ ಆ ಮನುಷ್ಯನಿಗೆ ಕಾರಣ ಹೇಳಿರಲಿಲ್ಲ. ಗುಂಡಿ ಒತ್ತಿದೆ. ಪುಟ ಮತ್ತೆ ತೆರೆದುಕೊಂಡಾಗ ಚಿತ್ರವಿದ್ದ ಜಾಗಕ್ಕೆ ಅಕ್ಷರಗಳು ಮೇಲೇರಿ ಬಂದಿದ್ದವು. ಅಲ್ಲಿ ಏನೋ ಇತ್ತು ಎಂದು ಗೊತ್ತಾಗುವಂತಿರಲಿಲ್ಲ. ಆಗ ಅಳು ಬಂತು. ಮಗಳು ಫೋನ್ ಮಾಡಿದ ದಿನ ಇಷ್ಟು ಅತ್ತಿರಲಿಲ್ಲ.

ಮುಖ ತೊಳೆದು ಬಂದು ಮೇಡಂಗೆ ಫೋನ್ ಹಚ್ಚಿದೆ.

"ತಗದೇನ್ರಿ" ಎಂದೆ.

"ಉಗುರು?"

"ಅಲ್ಲರಿ. ಇಡೀ ಚಿತ್ರನ ತಗದೆ."

ಮೇಡಂ, "ಊಟ ಆತೇನು?" ಎಂದು ಕೇಳಿದರು.

"ಆತ್ರಿ" ಎಂದೆ. ಆಗಿರಲಿಲ್ಲ.